ಕೋವಿ ಹಕ್ಕೂ ಉಳಿಯಬೇಕು, ಗುಂಡಿಗೆ ಜೀವ ಹೋಗೋದೂ ನಿಲ್ಲಬೇಕು: ಏನು ಮಾಡಬಹುದು?

ಪೊನ್ನಂಪೇಟೆ_ಕಾಫಿ:

ಕೈಲ್ ಪೊಳ್ದ್ (ಕೊಡಗಿನಲ್ಲಿ ಆಯುಧಗಳಿಗೆ ಪೂಜೆ ಮಾಡುವ ಹಬ್ಬ) ಹತ್ತಿರ ಬಂದರೆ ಸಾಕು, ಪ್ರತಿ ವರ್ಷ ಇದೇ ಜಗಳ. ಒಂದು ಗುಂಪು "ಕೊಡಗಿನವರಿಗೆ ಮಾತ್ರ ಯಾಕೆ ಲೈಸೆನ್ಸ್ ಇಲ್ಲದ ಕೋವಿ? ಕಿತ್ತುಕೊಳ್ಳಿ" ಅನ್ನುತ್ತದೆ. ಇನ್ನೊಂದು ಗುಂಪು "ಕೈ ಹಾಕಿ ನೋಡಿ" ಅನ್ನುತ್ತದೆ. ಬೈದಾಡಿ ಬೈದಾಡಿ ಎಲ್ಲರೂ ಸುಸ್ತಾಗಿ ಮಲಗುತ್ತಾರೆ. ಈ ಸಲ ಬೇರೆ ಥರ ಮಾತಾಡೋಣ ಅಂತ ಈ ಚರ್ಚೆ ತೆಗೆದಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಈ ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ. ಆಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಮುಂದುವರಿಯಿತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಅನ್ವಯಿಸುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, ಅಂದರೆ 2029ರವರೆಗೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಹಾಗಂತ ಲಂಗುಲಗಾಮು ಇಲ್ಲ ಅಂತಲ್ಲ. ಡಿ.ಸಿ. ಕಚೇರಿಯ ವಿನಾಯಿತಿ ಪತ್ರ ಬೇಕು. ಜಿಲ್ಲೆ ಬಿಟ್ಟು ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ 100 ಸುತ್ತು. ಒಂದು ಸಾದಾ ನಳಿಗೆಯ ಕೋವಿ, ಅದಕ್ಕೆ 500 ತೋಟಾ (ಕಾಡತೂಸು). ಅಷ್ಟೇ ಮಿತಿ.

ಈಗ ನನ್ನ ಪ್ರಶ್ನೆ. ನಿಮ್ಮ ಸುತ್ತಮುತ್ತ ಗುಂಡು ತಗುಲಿ ಸತ್ತವರನ್ನು ನೆನಪಿಸಿಕೊಳ್ಳಿ. ಅದರಲ್ಲಿ ಮನೆಗೆ ನುಗ್ಗಿದ ಕಳ್ಳರು ಎಷ್ಟು ಜನ? ನನಗೆ ನೆನಪಾಗುವುದೆಲ್ಲ ಬೇರೆ ಥರದವು. ಕುಡಿದ ಮೇಲೆ ಗದ್ದೆ ಬದುವಿನ ಜಗಳ. ಹಂದಿ ಅಂತ ಪೊದೆಗೆ ಈಡು ಹೊಡೆದು, ಜೊತೆಗೆ ಬಂದವನಿಗೇ ತಗುಲಿದ್ದು. ಸಾಲ, ಬೇಸರ, ಗೋಡೆ ಮೇಲೆ ಕೈಗೆಟಕುವ ಹಾಗೆ ಕೋವಿ. ಕಾಗದದಲ್ಲಿ ಕೋವಿ ಯಾರ ಹೆಸರಲ್ಲಾದರೂ ಇರಲಿ, ಆ ಕೆಟ್ಟ ಹೊತ್ತಿನಲ್ಲಿ ಯಾರ ಕೈಗೆ ಸಿಗುತ್ತದೆ ಅನ್ನುವುದರ ಬಗ್ಗೆ ನಾವು ಯಾಕೆ ಮಾತಾಡುವುದಿಲ್ಲ?

"ಕಿತ್ತುಕೊಳ್ಳಿ", "ಮುಟ್ಟಿ ನೋಡಿ" ಇವೆರಡನ್ನು ಬಿಟ್ಟು ಏನು ಬೇಕಾದರೂ ಬರೆಯಿರಿ.

ಸಾಧನಕೇರಿ_ಓದುಗ:

ನಿಮ್ಮದು ತೋಟದ ಕೋವಿಯ ಲೆಕ್ಕ ಆಯ್ತು. ನಮ್ಮ ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಕಲಬುರ್ಗಿ ಸರ್ ಅವರನ್ನು ಅವರ ಮನೆಯಲ್ಲೇ ಹೊಡೆದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಲ್ಲಿ ಗೌರಿ ಲಂಕೇಶ್ ಅವರನ್ನು. ಎರಡೂ ಕಡೆ 7.65 ಎಂ.ಎಂ. ನಾಡ ಪಿಸ್ತೂಲು. ಒಂದೇ ಆಯುಧ ಅಂತ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಅದಕ್ಕೆ ಯಾವ ಡಿ.ಸಿ. ಲೈಸೆನ್ಸ್ ಕೊಟ್ಟಿದ್ದರು? ಭೀಮಾ ತೀರದ ಕಡೆ ಹೋಗಿ ಕೇಳಿ, ನಾಡ ಪಿಸ್ತೂಲಿನ ಕಥೆ ಮಕ್ಕಳಿಗೂ ಗೊತ್ತು. ಲೈಸೆನ್ಸ್ ಇರುವವರಿಗೆ ಇನ್ನೂ ನಾಲ್ಕು ನಿಯಮ ಹಾಕಿದರೆ ಇದು ನಿಲ್ಲುತ್ತದಾ?

ತೀರ್ಥಹಳ್ಳಿ_ಅಡಿಕೆ:

ನಿಲ್ಲಲ್ಲ. ನಾನೂ ಅದನ್ನೇ ಹೇಳಬೇಕು ಅಂತಿದ್ದೆ. ನಮ್ಮದು ಬೆಳೆ ರಕ್ಷಣೆ ಲೈಸೆನ್ಸ್, ಅಪ್ಪನ ಕಾಲದ್ದು. ಎಲೆಕ್ಷನ್ ಬಂತು ಅಂದರೆ ಠಾಣೆಗೆ ತಗೊಂಡು ಹೋಗಿ ಠೇವಣಿ ಇಡು. ಪಂಚಾಯ್ತಿ, ಎಂಎಲ್ಎ, ಎಂಪಿ, ಒಂದಾದ ಮೇಲೆ ಒಂದು. ವಾಪಸ್ ಬರುವಾಗ ನಳಿಗೆ ಒಳಗೆ ತುಕ್ಕು. ಹಂದಿ, ಮಂಗ, ಕಾಡುಕೋಣಕ್ಕೆ ನೀತಿ ಸಂಹಿತೆ ಇಲ್ಲವಲ್ಲ. ಮೂರ್ನಾಲ್ಕು ಸಲ ಹೀಗಾದ ಮೇಲೆ ಪಕ್ಕದ ಊರಿನವರೊಬ್ಬರು ಲೈಸೆನ್ಸ್ ನವೀಕರಣವನ್ನೇ ಬಿಟ್ಟರು. ಈಗ ಅವರ ಹತ್ತಿರ ಕೋವಿ ಇಲ್ಲ ಅಂತ ನೀವು ನಂಬಿದರೆ ಅದು ನಿಮ್ಮ ಒಳ್ಳೆಯತನ.

ನ್ಯಾಯವಾಗಿ ಇಟ್ಟುಕೊಂಡವನಿಗೆ ಜಾಸ್ತಿ ಕಾಟ ಕೊಟ್ಟರೆ ಅವನು ಕಳ್ಳ ಕೋವಿ ಕಡೆ ತಿರುಗುತ್ತಾನೆ. ಅಷ್ಟೇ ನನ್ನ ವಾದ.

ನಿವೃತ್ತ_ಪಿಎಸ್ಐ:

ಇಬ್ಬರ ಮಾತೂ ಸರಿ. ಆದರೆ ಎರಡು ಬೇರೆ ಕಾಯಿಲೆಯನ್ನು ಒಂದೇ ಚೀಟಿಯಲ್ಲಿ ಬರೆಯುತ್ತಿದ್ದೀರಿ.

ನಾಡ ಪಿಸ್ತೂಲಿನದು ಪೊಲೀಸರ ಕೆಲಸ. ಮಾಡುವವನು, ಸಾಗಿಸುವವನು, ಮಾರುವವನು, ಈ ಸರಪಳಿ ಕಡಿಯಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಕ್ರಮ ತಯಾರಿಕೆ ಮತ್ತು ಮಾರಾಟಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಅಂತ ಆಗಿದೆ. ಕಾನೂನು ಬಿಗಿಯಾಗಿಯೇ ಇದೆ. ಪಿಸ್ತೂಲು ಹಿಡಿದಿದ್ದ ಹುಡುಗನ ಮೇಲೆ ಕೇಸು ಹಾಕಿ ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ. ಕೊಟ್ಟವನು ಯಾರು ಅಂತ ಹಿಂದೆ ಹೋಗಬೇಕು. ಅದಕ್ಕೆ ರಾಜ್ಯ ದಾಟಿ ಓಡಾಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲೇ ಕೆಲಸ ನಿಲ್ಲುವುದು.

ಮನೆಯೊಳಗಿನ ಕೋವಿಯದು ಬೇರೆ. ಅಲ್ಲಿ ಪೊಲೀಸ್ ಬರುವುದು ಎಲ್ಲ ಮುಗಿದ ಮೇಲೆ, ಪಂಚನಾಮೆಗೆ. ಆ ಮನೆಗಳಲ್ಲಿ ನಾನು ನೋಡಿದ್ದು ಹೆಚ್ಚುಕಡಿಮೆ ಒಂದೇ ಚಿತ್ರ. ಕೋವಿ ಬಾಗಿಲ ಹಿಂದೆ ಅಥವಾ ಮಂಚದ ಕೆಳಗೆ, ತೋಟಾ ಅದೇ ಕೋಣೆಯ ಡ್ರಾಯರಿನಲ್ಲಿ. ಎಷ್ಟೋ ಸಲ ತೋಟಾ ಒಳಗೇ ಇರುತ್ತಿತ್ತು.

ಎಲೆಕ್ಷನ್ ಠೇವಣಿ ಬಗ್ಗೆ: ಎಲ್ಲರದ್ದನ್ನೂ ಕಣ್ಣುಮುಚ್ಚಿ ಇಡಿಸಿಕೊಳ್ಳಬೇಕು ಅಂತೇನಿಲ್ಲ. ಪರಿಶೀಲನಾ ಸಮಿತಿ ಇರುತ್ತದೆ, ಒಬ್ಬೊಬ್ಬರದ್ದನ್ನೂ ನೋಡಿ ತೀರ್ಮಾನ ಮಾಡಬೇಕು. ಕಾರಣ ಬರೆದು ಮೊದಲೇ ಅರ್ಜಿ ಕೊಡಿ.

ತೀರ್ಥಹಳ್ಳಿ_ಅಡಿಕೆ:

ಕೊಟ್ಟಿದ್ದೇವೆ ಸರ್. ಉತ್ತರ ಬರುವ ಹೊತ್ತಿಗೆ ರಿಸಲ್ಟೇ ಬಂದಿತ್ತು.

ಡಲ್ಲಾಸ್_ಅಮ್ಮ:

ದೂರದಿಂದ ಒಂದು ಮಾತು. ಇಲ್ಲಿ ಅಮೆರಿಕದಲ್ಲಿ ಕೋವಿ ಹಕ್ಕು ಸಂವಿಧಾನದಲ್ಲೇ ಇದೆ, 1791ರಿಂದ. ನಮ್ಮ ಟೆಕ್ಸಾಸ್‌ನಲ್ಲಿ 2021ರಿಂದ, 21 ವರ್ಷ ದಾಟಿದವರು ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಟಿವಿಯಲ್ಲಿ ನೀವು ನೋಡುವುದು ಶಾಲೆಗಳ ಗುಂಡಿನ ದಾಳಿ. ಅದು ಭಯಂಕರವೇ. ಉವಾಲ್ಡೆಯಲ್ಲಿ 2022ರಲ್ಲಿ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು, ಇದೇ ನಮ್ಮ ರಾಜ್ಯ. ಆದರೆ ಒಟ್ಟು ಲೆಕ್ಕ ನೋಡಿದರೆ ಬೇರೆ ಕಾಣುತ್ತದೆ. 2023ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು ಸುಮಾರು 46,700. ಅದರಲ್ಲಿ 27,300 ಆತ್ಮಹತ್ಯೆಗಳು. ಅರ್ಧಕ್ಕಿಂತ ಜಾಸ್ತಿ! ಇಲ್ಲಿಗೆ ಬಂದ ಹೊಸದರಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

ಮಗ ಸ್ನೇಹಿತರ ಮನೆಗೆ ಆಡಲು ಹೋಗುವ ಮೊದಲು ನಾನು ಫೋನ್ ಮಾಡಿ ಕೇಳುತ್ತೇನೆ: "ನಿಮ್ಮ ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿದ್ದೀರಾ?" ಕಡಲೆಕಾಯಿ ಅಲರ್ಜಿ ಹೇಳುವ ಉಸಿರಿನಲ್ಲೇ ಇದನ್ನೂ ಕೇಳಿಬಿಡುವುದು. ಅಮೆರಿಕದವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡಿದ್ದು ನಮ್ಮ ಕನ್ನಡದವರೇ ಒಬ್ಬರು. "ನಮ್ಮನ್ನ ಏನಂತ ತಿಳ್ಕೊಂಡಿದ್ದೀರಿ?" ಅಂದರು. ಗನ್ ಇತ್ತು. ಬೀಗ ಇರಲಿಲ್ಲ.

ಮಡಿಕೇರಿ_ಮಂಜು:

ಅಮೆರಿಕದ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ ಮೇಡಂ. ಅಲ್ಲಿ ಅಂಗಡಿಗೆ ಹೋಗಿ ಸಂಜೆಯೊಳಗೆ ತಗೊಂಡು ಬರಬಹುದು. ಇಲ್ಲಿ ನಮಗೆ ಕೋವಿ ಅಂದರೆ ಹುಟ್ಟಿದಾಗ ಒಂದು ಈಡು, ಸತ್ತಾಗ ಎರಡು ಈಡು. ಅದು ನಮ್ಮ ಸಂಸ್ಕೃತಿ. ಇವತ್ತು ಬೀಗ ಹಾಕಿ ಅಂತಾರೆ, ನಾಳೆ ಠಾಣೆಯಲ್ಲಿ ಇಡಿ ಅಂತಾರೆ, ನಾಡಿದ್ದು ವಿನಾಯಿತಿಯೇ ಬೇಡ ಅಂತಾರೆ. ಒಂದು ಬೆರಳು ಕೊಟ್ಟರೆ ಕೈಯೇ ನುಂಗುತ್ತಾರೆ. 2029 ದೂರ ಇಲ್ಲ, ನೆನಪಿರಲಿ.

ಡಲ್ಲಾಸ್_ಅಮ್ಮ:

ಮಂಜು ಅವರೇ, ಇದೇ ಮಾತನ್ನು ಇಲ್ಲಿನವರೂ ಹೇಳುತ್ತಾರೆ, ಸ್ವಲ್ಪವೂ ವ್ಯತ್ಯಾಸ ಇಲ್ಲ! ಅದಕ್ಕೇ ಎರಡು ವಿಷಯ ಹೇಳುತ್ತೇನೆ.

ಒಂದು, ಹಕ್ಕು ಗಟ್ಟಿಯಾಗಿರುವ ಕಡೆಯೂ ಮಿತಿ ಇದೆ. ಮನೆಯಲ್ಲಿ ಗನ್ ಇಟ್ಟುಕೊಳ್ಳುವುದು ಒಬ್ಬೊಬ್ಬರ ಸ್ವಂತ ಹಕ್ಕು ಅಂತ 2008ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದೇ ತೀರ್ಪಿನಲ್ಲಿ ಈ ಹಕ್ಕಿಗೆ ಮಿತಿ ಇಲ್ಲ ಅಂತಲ್ಲ ಎಂದೂ ಬರೆದಿದೆ. 2024ರಲ್ಲಿ ಟೆಕ್ಸಾಸ್‌ನದ್ದೇ ಒಂದು ಕೇಸಿನಲ್ಲಿ, ಕೌಟುಂಬಿಕ ಹಿಂಸೆಗಾಗಿ ಕೋರ್ಟಿನ ತಡೆ ಆದೇಶ ಇರುವವನು ಗನ್ ಇಟ್ಟುಕೊಳ್ಳಬಾರದು ಅನ್ನುವ ಕಾನೂನನ್ನು 8-1ರಲ್ಲಿ ಎತ್ತಿ ಹಿಡಿದರು. ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ 15 ವರ್ಷದ ಹುಡುಗ ನಾಲ್ವರನ್ನು ಕೊಂದ. ಅಪ್ಪ ಆ ಪಿಸ್ತೂಲು ತಂದು ನಾಲ್ಕೇ ದಿನ ಆಗಿತ್ತು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲು ಆಯಿತು.

ಎರಡನೆಯದು ನನಗೆ ಬಹಳ ಹಿಡಿಸಿದ್ದು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2009ರಲ್ಲಿ ಒಂದೇ ಅಂಗಡಿಯಿಂದ, ಒಂದು ವಾರದೊಳಗೆ, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಮೂವರು ಗನ್ ತಗೊಂಡು ಹೋಗಿ ಸ್ವಲ್ಪ ಹೊತ್ತಿಗೇ ಆತ್ಮಹತ್ಯೆ ಮಾಡಿಕೊಂಡರು. ಆಮೇಲೆ ಅಲ್ಲಿ ಗನ್ ಅಂಗಡಿಯವರೂ ಆರೋಗ್ಯದವರೂ ಒಟ್ಟಿಗೆ ಕೂತರು. ಗಿರಾಕಿಯ ಮುಖದಲ್ಲಿ ಏನು ಗಮನಿಸಬೇಕು, ಯಾವಾಗ ಮಾರಬಾರದು ಅಂತ ಅಂಗಡಿಯವರಿಗೇ ತಿಳಿಸಿಕೊಟ್ಟರು. ಅಂಗಡಿಗಳಲ್ಲಿ ಪೋಸ್ಟರ್ ಹಾಕಿದರು. ಸ್ನೇಹಿತನ ಮನಸ್ಸು ಸರಿಯಿಲ್ಲದಿದ್ದರೆ ಅವನ ಗನ್ ಸ್ವಲ್ಪ ದಿನ ನೀನು ಇಟ್ಟುಕೋ ಅನ್ನುವ ಥರದ ಮಾತು. ಯಾವ ಹೊಸ ಕಾನೂನೂ ಬರಲಿಲ್ಲ, ಯಾರ ಹಕ್ಕೂ ಹೋಗಲಿಲ್ಲ. ಹೇಳಿದವರೂ ಗನ್ ಇಟ್ಟವರೇ, ಕೇಳಿದವರೂ ಅವರೇ.

ಶಿವಮೊಗ್ಗ_ಡಾಕ್ಟ್ರು:

ನಾನು ಮನೋವೈದ್ಯ. ಡಲ್ಲಾಸ್‌ನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

"ಸಾಯಬೇಕು ಅಂದುಕೊಂಡವನು ಹೇಗಾದರೂ ಸಾಯುತ್ತಾನೆ" ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅದು ನಿಜವಲ್ಲ. ಆ ತೀವ್ರ ಗಳಿಗೆ ಬಹಳ ಜನರಲ್ಲಿ ಬಂದು ಹೋಗುತ್ತದೆ. ಆಗ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ಉಳಿಯುವುದು ನಿಂತಿದೆ. ತೋಟದವರಿಗೆ ಅರ್ಥವಾಗುವ ಉದಾಹರಣೆ ಶ್ರೀಲಂಕಾ. 1990ರ ದಶಕದಿಂದ ಅಲ್ಲಿ ತುಂಬಾ ವಿಷವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಮುಂದಿನ ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು. ಹೊಲ ಗದ್ದೆ ಎಲ್ಲ ಮೊದಲಿನ ಹಾಗೇ ನಡೆಯುತ್ತಿತ್ತು.

ಕೋವಿಯದ್ದೇ ಬೇಕೆಂದರೆ ಇಸ್ರೇಲ್ ಸೇನೆ. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ರೈಫಲ್ ತಗೊಂಡು ಹೋಗುವುದನ್ನು 2006ರಲ್ಲಿ ನಿಲ್ಲಿಸಿದರು. ಎಳೆಯ ಸೈನಿಕರಲ್ಲಿ ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಯಾರ ಕೈಯಿಂದಲೂ ಆಯುಧ ಖಾಯಂ ಆಗಿ ಹೋಗಲಿಲ್ಲ. ಎರಡು ದಿನ ದೂರ ಇತ್ತು, ಅಷ್ಟೇ.

ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ಭಾರವಾಗಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪೊನ್ನಂಪೇಟೆ_ಕಾಫಿ:

ಡಾಕ್ಟ್ರೇ, ಮಂಜು ಅವರೇ, ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ. ದೂರ ಇಡುವುದು ನಮ್ಮ ಸಂಸ್ಕೃತಿಗೆ ಹೊರಗಿನದಲ್ಲ. ಹಿಂದೆ ನಾಟಿ ಶುರುವಾದ ಮೇಲೆ ಕೋವಿ, ಒಡಿಕತ್ತಿ ಎಲ್ಲ ಕನ್ನಿ ಕೋಂಬರೆ (ಮನೆಯ ದೇವರ ಕೋಣೆ) ಸೇರುತ್ತಿದ್ದವು. ಗದ್ದೆ ಕೆಲಸ ಮುಗಿದ ಮೇಲೆ ಕೈಲ್ ಪೊಳ್ದ್ ದಿನ ಹೊರಗೆ ತೆಗೆದು, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ, ಪೂಜೆ ಮಾಡಿ, ಮನೆಯ ಹಿರಿಯರು ಬುದ್ಧಿ ಹೇಳಿ ಕಿರಿಯರ ಕೈಗೆ ಕೊಡುತ್ತಿದ್ದರು. ಹಿರಿಯರ ಕೈ ದಾಟದೆ ಕೋವಿ ಹೊರಗೆ ಬರುತ್ತಿರಲಿಲ್ಲ. ತೆಂಗಿನಕಾಯಿಗೆ ಗುರಿ ಹೊಡೆಯುವ ಆಟ ಉಳಿಸಿಕೊಂಡಿದ್ದೇವೆ. ಮಳೆಗಾಲದಲ್ಲಿ ಎತ್ತಿಡುವುದನ್ನು ಮಾತ್ರ ಬಿಟ್ಟಿದ್ದೇವೆ.

ಮಡಿಕೇರಿ_ಮಂಜು:

ಇದು ಒಪ್ಪುವ ಮಾತು. ಆದರೆ ಹಿರಿಯರು ಹೇಳಿ ಮಾಡಿಸುವುದು ಬೇರೆ, ತಹಶೀಲ್ದಾರ್ ಬಂದು ಮಾಡಿಸುವುದು ಬೇರೆ.

ಚಾರ್ಮಾಡಿ_ಗಾಳಿ:

ಎಲ್ಲ ಚೆನ್ನಾಗಿದೆ. ರಾತ್ರಿ ಎರಡು ಗಂಟೆಗೆ ಹಂದಿ ಹಿಂಡು ಗದ್ದೆಗೆ ಇಳಿದಾಗ ನಾನು ಬೀಗ ಹುಡುಕುತ್ತಾ ಕೂರಬೇಕಾ? ಹೊಡೆಯೋದು ಬೇಡ, ಅದರ ಕಾನೂನು ಬೇರೆ, ಗೊತ್ತು. ಹೆದರಿಸಲಿಕ್ಕೆ ಗಾಳಿಗೆ ಒಂದು ಈಡಾದರೂ ಬೇಕಲ್ಲ.

ನಿವೃತ್ತ_ಪಿಎಸ್ಐ:

ಹುಡುಕಬೇಕಾಗಿಲ್ಲ. ನಾನು ನೋಡಿದ ಮನೆಗಳಲ್ಲಿ ಒಂದರ ವ್ಯವಸ್ಥೆ ಹೇಳುತ್ತೇನೆ, ಮಲೆನಾಡಿನ ಮನೆಯೇ.

ಜೋಡಿನಳಿಗೆ ಕೋವಿ. ರಾತ್ರಿ ಮಲಗುವ ಮೊದಲು ಮಡಚಿ ನೋಡುತ್ತಾರೆ, ಎರಡೂ ನಳಿಗೆ ಖಾಲಿ. ಮುಂದಿನ ಮರದ ತುಂಡು ಬಿಚ್ಚಿದರೆ ನಳಿಗೆ ಬೇರೆ, ಹಿಡಿ ಬೇರೆ. ನಳಿಗೆ ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಬೀರುವಿನಲ್ಲಿ. ಹಿಡಿ ಇನ್ನೊಂದು ಕೋಣೆಯಲ್ಲಿ. ತೋಟಾ ಮೂರನೇ ಕಡೆ, ಹಳೇ ಅಂಚೆ ಪೆಟ್ಟಿಗೆಯಂಥ ಸಣ್ಣ ಕಬ್ಬಿಣದ ಡಬ್ಬಿ, ಅದಕ್ಕೆ ಬೇರೆ ಕೀಲಿ. ಯಜಮಾನರು ನನ್ನ ಮುಂದೆಯೇ ಜೋಡಿಸಿ ತೋರಿಸಿದರು. ಕತ್ತಲೆಯಲ್ಲಿ ಒಂದೆರಡು ನಿಮಿಷದ ಕೆಲಸ. ಹಂದಿ ಅಷ್ಟರಲ್ಲಿ ಓಡಿಹೋದರೆ ಇನ್ನೂ ಒಳ್ಳೆಯದೇ ಅಲ್ವಾ? ಆದರೆ ಕುಡಿದವನಿಗೆ, ಸಿಟ್ಟು ನೆತ್ತಿಗೇರಿದವನಿಗೆ ಆ ಒಂದೆರಡು ನಿಮಿಷ ಬಹಳ ದೊಡ್ಡದು. ಮರದ ತುಂಡನ್ನು ಸರಿಯಾಗಿ ಕೂರಿಸುವುದಕ್ಕೇ ಕೈ ನಡುಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕುವಾಗಲೇ ಸುರಕ್ಷಿತವಾಗಿ ಇಡುತ್ತೇನೆ ಅಂತ ಬರೆದುಕೊಡಬೇಕು. ಎಲ್ಲರೂ ಸಹಿ ಹಾಕುತ್ತಾರೆ. ಆಮೇಲೆ ಯಾರೂ ನೋಡುವುದಿಲ್ಲ, ನಮ್ಮವರೂ ನೋಡುವುದಿಲ್ಲ. ಒಂದು ಒಳ್ಳೆಯ ಬೀರುವಿಗೆ ಸರ್ಕಾರ ಸಬ್ಸಿಡಿ ಕೊಡಲಿ. ಪಂಪ್‌ಸೆಟ್ಟಿಗೆ, ಸ್ಪ್ರೇಯರಿಗೆ ಕೊಡುವುದಿಲ್ಲವೇ? ದಂಡದ ಹೆದರಿಕೆಗಿಂತ ಅದು ಬೇಗ ಕೆಲಸ ಮಾಡುತ್ತದೆ ಅಂತ ನನ್ನ ಅಭಿಪ್ರಾಯ.

ಚಾರ್ಮಾಡಿ_ಗಾಳಿ:

ಬೀರುವಿನ ಒಳಗೆ ಮಳೆಗಾಲದಲ್ಲಿ ತುಕ್ಕು? ನಮ್ಮ ಕಡೆ ಚಪ್ಪಲಿಗೇ ಬೂಸ್ಟು ಬರುತ್ತದೆ.

ತೀರ್ಥಹಳ್ಳಿ_ಅಡಿಕೆ:

ಒಳಗೆ ಒಂದು ಸಣ್ಣ ಬಲ್ಬ್ ಸದಾ ಉರಿಯುವ ಹಾಗೆ ಹಾಕಿ, ಹಳೇದು, ಬಿಸಿಯಾಗುವಂಥದ್ದು. ಎಲ್ಇಡಿ ಬೇಡ. ನಳಿಗೆಗೆ ತೆಳುವಾಗಿ ಎಣ್ಣೆ, ಹದಿನೈದು ದಿನಕ್ಕೊಮ್ಮೆ ಒರೆಸಿ. ತೋಟಾ ಡಬ್ಬಿ ಆ ಬಲ್ಬಿನ ಹತ್ತಿರ ಬೇಡ, ಅದು ಹೇಗೂ ಬೇರೆ ಕಡೆಯೇ ಇರಬೇಕಲ್ಲ.

ಸಾಧನಕೇರಿ_ಓದುಗ:

ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸೋರ ಬಗ್ಗೆ ಯಾರೂ ಬರೆಯಲಿಲ್ಲ. ಉತ್ತರ ಭಾರತದ ವಿಡಿಯೋಗಳು ವಾರಕ್ಕೊಂದು ಬರುತ್ತವೆ. ಮಂಜು ಅವರ "ಹುಟ್ಟಿದಾಗ ಒಂದು ಈಡು" ಅದಕ್ಕಿಂತ ಹೇಗೆ ಬೇರೆ?

ಮಡಿಕೇರಿ_ಮಂಜು:

ಬಹಳ ಬೇರೆ. ಡಿಜೆ ಮುಂದೆ ಕುಣಿಯುತ್ತಾ ಪಿಸ್ತೂಲು ಎತ್ತುವುದಲ್ಲ ಇದು. ಅಂಗಳದಲ್ಲಿ, ಜನರಿಂದ ದೂರ ನಿಂತು, ಗೊತ್ತಿರುವವರೊಬ್ಬರು ಆಕಾಶಕ್ಕೆ ಹೊಡೆಯುತ್ತಾರೆ. ಸಾವಿನ ಮನೆಯಲ್ಲಿ ಎರಡು ಈಡು ಕೇಳಿದರೆ ಅಕ್ಕಪಕ್ಕದ ಊರಿಗೆ ಸುದ್ದಿ ತಿಳಿಯಲಿ ಅಂತ. ಫೋನ್ ಇಲ್ಲದ ಕಾಲದ್ದು.

ನಿವೃತ್ತ_ಪಿಎಸ್ಐ:

ಕಾನೂನು ಹೇಳುವುದು ಇಷ್ಟು: ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದೂ 2019ರದ್ದೇ. ಮಂಜು ಅವರು ಹೇಳಿದ ರೀತಿ ನಡೆದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ರೈಫಲ್ ಬೇಡ. ಸಾದಾ ಕೋವಿಯ ಸಣ್ಣ ಚರೆ ಮೇಲೆ ಹೋಗಿ ಬಲ ಕಳೆದುಕೊಂಡು ಬೀಳುತ್ತದೆ. ರೈಫಲ್ಲಿನ ಗುಂಡು ಓರೆಯಾಗಿ ಹೋದರೆ ಎಲ್ಲೋ ದೂರದ ಅಂಗಳದಲ್ಲಿ ಯಾರ ತಲೆಗೋ ಬೀಳುತ್ತದೆ. ಇನ್ನೂ ಒಳ್ಳೆಯದೆಂದರೆ ಚರೆ ಇಲ್ಲದ ಬರೀ ಮದ್ದಿನ ತೋಟಾ. ಶಬ್ದ ಅಷ್ಟೇ ಬರುತ್ತದೆ.

ಸುಮ್ನೆ_ಓದೋಳು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಂದು ನೇರ ಪ್ರಶ್ನೆ. ನಮ್ಮ ತಂದೆಗೆ 70 ದಾಟಿದೆ. ಅಮ್ಮ ಹೋದ ಮೇಲೆ ಸರಿಯಾಗಿ ಊಟ ಮಾಡುವುದಿಲ್ಲ, ಮಾತೂ ಕಡಿಮೆ. ಸಂಜೆ ಕುಡಿಯುತ್ತಾರೆ. ಮನೆಯಲ್ಲಿ ಲೈಸೆನ್ಸ್ ಕೋವಿ ಇದೆ, ಚಿಕ್ಕಮಗಳೂರು ಜಿಲ್ಲೆ. ನಾನು, ಅಣ್ಣ ಇಬ್ಬರೂ ಬೆಂಗಳೂರಲ್ಲಿ. ಕೋವಿ ಕೊಡಿ ಅಂದರೆ ಅವರಿಗೆ ಅವಮಾನ ಆಗುತ್ತದೆ. ಹೇಳದೆ ಅಣ್ಣ ತಗೊಂಡು ಬಂದು ಇಲ್ಲಿ ಇಟ್ಟುಕೊಳ್ಳಬಹುದಾ?

ನಿವೃತ್ತ_ಪಿಎಸ್ಐ:

ಬೇಡಮ್ಮ. ಲೈಸೆನ್ಸ್ ತಂದೆಯವರ ಹೆಸರಲ್ಲಿದೆ. ಅಣ್ಣನ ಹತ್ತಿರ ಸಿಕ್ಕರೆ ಅಣ್ಣನ ಮೇಲೆ ಕೇಸಾಗುತ್ತದೆ. ಎರಡು ದಾರಿ ಇದೆ. ಲೈಸೆನ್ಸ್ ಇರುವ ಶಸ್ತ್ರಾಸ್ತ್ರ ಅಂಗಡಿಯಲ್ಲಿ ಠೇವಣಿ, ಅಥವಾ ಠಾಣೆಯಲ್ಲಿ ಠೇವಣಿ. ನಾನಾದರೆ ಅಂಗಡಿಯನ್ನೇ ಹೇಳುತ್ತೇನೆ. "ನಳಿಗೆ ಸವೆದಿದೆ, ಸರ್ವಿಸ್ ಮಾಡಿಸಬೇಕು" ಅಂದರೆ ತಂದೆಯವರೇ ಜೊತೆಗೆ ಬರುತ್ತಾರೆ, ಮರ್ಯಾದೆಯೂ ಉಳಿಯುತ್ತದೆ. ತೋಟಾ ಸಮೇತ ಕೊಡಿ. ರಸೀದಿಯಲ್ಲಿ ಕೋವಿಯ ನಂಬರ್, ತೋಟಾ ಎಷ್ಟು ಅಂತ ಬರೆಸಿಕೊಳ್ಳಿ.

ಶಿವಮೊಗ್ಗ_ಡಾಕ್ಟ್ರು:

ಸರ್ವಿಸ್ ನೆಪ ತುರ್ತಿಗೆ ಪರವಾಗಿಲ್ಲ. ಆದರೆ ಆಮೇಲೆ ತಂದೆಯ ಹತ್ತಿರ ನೇರವಾಗಿ ಕೇಳಿ: "ಅಪ್ಪ, ಬದುಕೋದೇ ಬೇಡ ಅಂತ ಅನ್ನಿಸ್ತಿದೆಯಾ?" ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದ ಮೇಲೆ ಹಗುರಾಗುವವರೇ ಜಾಸ್ತಿ. ಈ ವಾರವೇ ಯಾರಾದರೊಬ್ಬರು ಊರಿಗೆ ಹೋಗಿ. ಹತ್ತಿರದ ಡಾಕ್ಟರಿಗೆ ತೋರಿಸಿ. ಕಳೆನಾಶಕದ ಡಬ್ಬಿಗಳನ್ನೂ ಬೀಗದೊಳಗೆ ಹಾಕಿಸಿ, ಅದನ್ನು ಮರೆಯಬೇಡಿ.

ಸುಮ್ನೆ_ಓದೋಳು:

ಅಣ್ಣನಿಗೆ ಫೋನ್ ಮಾಡಿದೆ. ಶನಿವಾರ ಇಬ್ಬರೂ ಹೊರಡುತ್ತಿದ್ದೇವೆ. ಅಲ್ಲಿಯವರೆಗೆ ಚಿಕ್ಕಪ್ಪ ಬಂದು ಮನೆಯಲ್ಲೇ ಇರುತ್ತಾರಂತೆ. ಅಂಗಡಿಯವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಬಾಡಿಗೆ ಕೇಳುತ್ತಾರಾ ಸರ್?

ನಿವೃತ್ತ_ಪಿಎಸ್ಐ:

ಕೇಳುತ್ತಾರೆ, ಅಂಗಡಿಗೊಂದು ರೇಟು. ಹೋಗುವ ಮೊದಲು ಫೋನ್ ಮಾಡಿ ಜಾಗ ಇದೆಯಾ ಅಂತ ವಿಚಾರಿಸಿ. ಲೈಸೆನ್ಸ್ ಪುಸ್ತಕ ಮರೆಯಬೇಡಿ. ನವೀಕರಣದ ತಾರೀಖು ಹತ್ತಿರ ಇದ್ದರೆ ಅದನ್ನೂ ನೋಡಿಕೊಳ್ಳಿ, ಈಗ ಐದು ವರ್ಷಕ್ಕೊಮ್ಮೆ.

ಪೊನ್ನಂಪೇಟೆ_ಕಾಫಿ:

ಈ ಸಲ ನಮ್ಮ ಒಕ್ಕದ (ಮನೆತನದ) ಸಭೆಯಲ್ಲಿ ಇದನ್ನು ಇಡುತ್ತೇನೆ. ಪ್ರತಿ ಮನೆಯಲ್ಲೂ ಕೋವಿ ಬಿಚ್ಚಿಡಬೇಕು, ತೋಟಾ ಬೇರೆ ಕಡೆ ಇರಬೇಕು, ಯಾರ ಮನೆಯಲ್ಲಾದರೂ ಕಷ್ಟ ಅಂದರೆ ಕೋವಿ ಸ್ವಲ್ಪ ದಿನ ಮನೆತನದ ಮೂಲ ಮನೆಯಾದ ಐನ್‌ಮನೆಗೆ ಬರಬೇಕು. ಅಲ್ಲೂ ಕೋವಿ, ವಿನಾಯಿತಿ ಪತ್ರ ಇರುವವರ ಕೈಯಲ್ಲೇ ಇರುತ್ತದೆ. ಆದರೂ ಅದಕ್ಕೆ ಕಾಗದ ಪತ್ರ ಏನು ಬೇಕು ಅಂತ ಡಿ.ಸಿ. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ. ಯಾವ ಮನೆಯ ಕೀಲಿ ಯಾರ ಹತ್ತಿರ ಅಂತ ಒಂದು ಪಟ್ಟಿಯನ್ನೂ ಮಾಡೋಣ ಅಂತಿದ್ದೇನೆ.

ಮಡಿಕೇರಿ_ಮಂಜು:

ಮಿಕ್ಕಿದ್ದೆಲ್ಲ ಸರಿ. ಆ ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ ಮಾರಾಯ್ರೇ. ಪಟ್ಟೆದಾರರ (ಒಕ್ಕದ ಹಿರಿಯರ) ಹತ್ತಿರ ಒಂದೇ ಪ್ರತಿ ಇರಲಿ.